ನನಗೇ ಗೊತ್ತಿಲ್ಲದ ನನ್ನ ಡೈವೋರ್ಸು

ನಮ್ಮ ಹಲಗೂರು ಕಡೆ ಸಂಬಂಧ ನೋಡುವಾಗ ಜಾತಕ ನೋಡುತ್ತಾರೆ, ಜಮೀನು ನೋಡುತ್ತಾರೆ, ಹುಡುಗನ ಅಪ್ಪ ಸಂಜೆ ಹೊತ್ತು ಎಲ್ಲಿ ಸಿಗುತ್ತಾನೆ ಅಂತ ವಿಚಾರಿಸುತ್ತಾರೆ. ಜಿಲ್ಲೆ ಯಾವುದು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಊರಿರುವುದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಮೂಲೆಯಲ್ಲಿ. ಕನಕಪುರದ ಬಸ್ಸು ಹತ್ತಿ ಕಂಡಕ್ಟರ್ ಹತ್ತಿರ ಚಿಲ್ಲರೆಗೆ ಜಗಳ ಮಾಡಿ ಮುಗಿಸುವಷ್ಟರಲ್ಲಿ ಜಿಲ್ಲೆ ಬದಲಾಗಿರುತ್ತದೆ. ಈ ಕಡೆ ಕೆಎ 11, ಆ ಕಡೆ ಕೆಎ 42. ಹೆಣ್ಣು ಕೊಟ್ಟಿದ್ದು ಸಾತನೂರಿಗೆ, ತಂದಿದ್ದು ಮದ್ದೂರಿನಿಂದ, ಓಕುಳಿ ಆಡಿದ್ದು ಮಳವಳ್ಳಿಯಲ್ಲಿ. ನೆಂಟಸ್ತನಕ್ಕೆ ಗಡಿಕಲ್ಲು ನೆಟ್ಟವರು ಯಾರೂ ಇಲ್ಲ.

ಆ ಕಡೆಯ ಜಿಲ್ಲೆಯ ಹೆಸರಂತೂ ನಿಂತಲ್ಲಿ ನಿಂತದ್ದೇ ಇಲ್ಲ. ನಾನು ಹೈಸ್ಕೂಲು ಓದುವಾಗ ಕನಕಪುರ ಬೆಂಗಳೂರು ಜಿಲ್ಲೆಯಲ್ಲಿತ್ತು. ನಾನು ಮೇಷ್ಟ್ರ ಕೆಲಸಕ್ಕೆ ಸೇರುವ ಹೊತ್ತಿಗೆ, 1986ರಲ್ಲಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತು. ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿ ಮುಗಿಸಿದೆ ಅನ್ನುವಾಗ, 2007ರಲ್ಲಿ, ರಾಮನಗರ ಜಿಲ್ಲೆ ಹುಟ್ಟಿತು. ನಾನು ನಿವೃತ್ತನಾಗಿ ಭೂಪಟಕ್ಕೆ ಕೈ ಮುಗಿದ ಮೇಲೆ, 2025ರಲ್ಲಿ, ಬೆಂಗಳೂರು ದಕ್ಷಿಣ ಅಂತಾಯಿತು. ನಮ್ಮ ಮಂಡ್ಯ ನೋಡಿ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಯಿತು, ಅಂದಿನಿಂದ ಮಂಡ್ಯವೇ. ಒಂದೇ ಡೈವೋರ್ಸು, ಆಮೇಲೆ ನೆಮ್ಮದಿ.

ಗಡಿ ಅನ್ನುವುದು ಯಾರಿಗೆ ಉಂಟು, ಯಾರಿಗೆ ಇಲ್ಲ ಅನ್ನುವುದೂ ನಮ್ಮ ಸೀಮೆಯಲ್ಲೇ ಚೆನ್ನಾಗಿ ಕಾಣುತ್ತದೆ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಬೀಳುತ್ತಾಳಲ್ಲ, ಅದರಲ್ಲಿ ಗಗನಚುಕ್ಕಿ ನಮ್ಮ ಮಳವಳ್ಳಿಗೆ, ಭರಚುಕ್ಕಿ ಕೊಳ್ಳೇಗಾಲಕ್ಕೆ. ಆ ಕೊಳ್ಳೇಗಾಲವೋ 1956ರ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಯದು. ಅದೇ ಕಾವೇರಿಯ ನೀರು ನಮ್ಮ ಪಕ್ಕದ ತೊರೆಕಾಡನಹಳ್ಳಿಯಿಂದ ಕೊಳವೆಯೊಳಗೆ ಹೊರಟು ಹಾರೋಹಳ್ಳಿ, ತಾತಗುಣಿ ದಾಟಿ ಬೆಂಗಳೂರಿನ ನಲ್ಲಿಯಲ್ಲಿ ಬೀಳುತ್ತದೆ. ಯಾರೂ ‘ನಿಮ್ಮ ವ್ಯಾಪ್ತಿ ಯಾವುದು?’ ಅಂತ ಅದನ್ನು ತಡೆದು ಕೇಳುವುದಿಲ್ಲ. ನನ್ನನ್ನು ಕೇಳಿದರು.

ವಿಷಯಕ್ಕೆ ಬರುತ್ತೇನೆ. ನನಗೆ ಚಿಕ್ಕಪ್ಪನ ಮಗಳೊಬ್ಬಳಿದ್ದಾಳೆ. ಹೆಸರು ಬೇಡ, ತಂಗಿ ಅನ್ನುತ್ತೇನೆ. 1994ರಲ್ಲಿ ಮದುವೆಯಾಯಿತು, 1999ರಲ್ಲಿ ಇಬ್ಬರೂ ಒಪ್ಪಿ ಬಿಟ್ಟುಕೊಂಡರು. ಹುಡುಗ ಸಾತನೂರಿನ ಆಚೆಯವನು. ಹೊಡೆದಾಟ, ಬಡಿದಾಟ ಅಂತೇನೂ ಇರಲಿಲ್ಲ. ಇಬ್ಬರೂ ಒಳ್ಳೆಯವರೇ, ಒಳ್ಳೆಯವರಿಬ್ಬರು ಒಂದೇ ಮನೆಯಲ್ಲಿ ಬಾಳಲೇಬೇಕು ಅಂತ ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಒಬ್ಬಳು ಮಗಳು. ತಂಗಿ ಹೊಲಿಗೆ ಮಷೀನು ತುಳಿದು ಓದಿಸಿದಳು. ಆ ಮಗು ಈಗ ಮೆಲ್ಬರ್ನಿನಲ್ಲಿ ಕೆಲಸದಲ್ಲಿದೆ, ಗರ್ಭಿಣಿ. ಬಾಣಂತನಕ್ಕೆ ತಾಯಿ ಹೋಗಬೇಕು. ತಾಯಿ ಹೋಗಬೇಕಾದರೆ ಪಾಸ್‌ಪೋರ್ಟು ಬೇಕು.

‘ಅಣ್ಣಯ್ಯ, ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕು?’ ಅಂತ ಕೇಳಿಕೊಂಡು ಬಂದಳು.

ಊರಿನಲ್ಲಿ ಕಾಗದ ಪತ್ರ ಅಂದರೆ ನಾನು. ನಾಡಕಚೇರಿ ಮುಂದೆ ಯಾರಾದರೂ ಅರ್ಜಿ ಹಿಡಿದು ನಿಂತಿದ್ದರೆ ಕರೆಯದೆ ಹೋಗಿ ಇಣುಕುತ್ತೇನೆ. ಜಾತಿ, ಆದಾಯ, ಪಹಣಿ, ವಂಶವೃಕ್ಷ, ಎಲ್ಲದರಲ್ಲೂ ನನ್ನ ಅಭಿಪ್ರಾಯ ಇರುತ್ತದೆ. ನನ್ನ ಸಲಹೆ ಕೇಳಿ ಒಬ್ಬರು ತಮ್ಮ ವಂಶವೃಕ್ಷದಲ್ಲಿ ಸ್ವಂತ ತಮ್ಮನನ್ನು ಬಿಟ್ಟು ಈಗಲೂ ಓಡಾಡುತ್ತಿದ್ದಾರೆ. ಆ ಮಾತು ಇಲ್ಲಿ ಬೇಡ. ತಂಗಿ ಕೇಳಿದ ತಕ್ಷಣ ಕನ್ನಡಕ ಮೇಲೇರಿಸಿ, ‘ಮೊದಲು ಡೈವೋರ್ಸ್ ಡಿಕ್ರಿ ತಗೊಂಡು ಬಾ. ಅದಿಲ್ಲದೆ ಪಾಸ್‌ಪೋರ್ಟಿನವರು ಒಳಕ್ಕೇ ಬಿಡುವುದಿಲ್ಲ’ ಅಂದೆ. ಎಲ್ಲಿಯೂ ಓದಿದ್ದಲ್ಲ, ತೋಚಿತು, ಹೇಳಿದೆ. ಜೀವನವಿಡೀ ಪಾಠ ಮಾಡಿದವನಿಗೆ ತೋಚಿದ್ದೆಲ್ಲ ನಿಯಮದ ಹಾಗೆಯೇ ಕೇಳಿಸುತ್ತದೆ.

ಡಿಕ್ರಿ ಇರಲಿಲ್ಲ. ಒಳಗಿನಿಂದ ಚಿಕ್ಕವ್ವ ಹೇಳಿದಳು: ‘ಅಂತಾ ಕಾಗ್ದ ಮನೇಲಿರಬಾರ್ದು ಅಂತ ಅವತ್ತೇ ನೀರೊಲೆಗಾಕ್ದೆ ಕಣಪ್ಪ. ನೀರು ಬಿರ್ನೆ ಕಾಯ್ತು.’

‘ಕೇಸಿನ ನಂಬರು?’

‘ಅದೂ ಅದ್ರೊಳಗೇ ಇತ್ತೇನೋ.’

‘ಹೋಗಲಿ, ಕೋರ್ಟು ಯಾವ ಊರಿನದು?’

ತಂಗಿ ಯೋಚಿಸಿದಳು. ಅವಳನ್ನು ಕರೆದುಕೊಂಡು ಹೋಗುತ್ತಿದ್ದವನು ಚಿಕ್ಕಪ್ಪ, ಅವನು ಈಗಿಲ್ಲ. ಆಗಿನ ಸ್ಥಿತಿಯಲ್ಲಿ ಅವಳು ಬೋರ್ಡು ಓದುವ ಮನಸ್ಸಿನಲ್ಲಿರಲಿಲ್ಲ. ‘ಎರಡು ಬಸ್ಸು ಬದಲಾಯಿಸಿದ್ವಿ ಅಣ್ಣಯ್ಯ. ಎದುರುಗಡೆ ಹೋಟ್ಲಲ್ಲಿ ಇಡ್ಲಿ ಚೆನ್ನಾಗಿತ್ತು’ ಅಂದಳು. ಎರಡು ಬಸ್ಸು, ಒಂದು ಇಡ್ಲಿ. ಇಷ್ಟು ಸಾಕ್ಷ್ಯ ಇಟ್ಟುಕೊಂಡು ನಾನು ತನಿಖೆಗೆ ಇಳಿದೆ.

ಮೊದಲು ಫೋನಿನಲ್ಲಿ ಹುಡುಕಿದೆ. ಈಗ ಪ್ರತಿ ಕೇಸಿಗೂ ಸಿಎನ್‌ಆರ್ ಅಂತ 16 ಅಕ್ಷರ ಅಂಕಿಗಳ ಒಂದು ನಂಬರು ಇರುತ್ತದೆ, ಅದನ್ನು ಒತ್ತಿದರೆ ಕೇಸಿನ ಜಾತಕವೇ ಬಂದುಬಿಡುತ್ತದೆ. ನಂಬರಿಲ್ಲದವರು ಹೆಸರು ಹಾಕಿ ಹುಡುಕಬೇಕು. ತಂಗಿ ಗಂಡನ ಹೆಸರೋ, ಹಲಗೂರು ಸಂತೆಯಲ್ಲಿ ಕೂಗಿದರೆ ಅರ್ಧ ಸಂತೆ ತಿರುಗಿ ನೋಡುವಂಥದ್ದು. ನಾನು ಅವನನ್ನು ಪ್ರತಿವಾದಿ ಅಂತ ಹಾಕಿ, ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಬರೆದು, ರಾತ್ರಿಯೆಲ್ಲ ಹುಡುಕಿದೆ. ಅಡಿಕೆ ಸಾಲ, ಚೆಕ್ ಬೌನ್ಸು, ಒಂದು ಎಮ್ಮೆ ವ್ಯಾಜ್ಯ, ಎಲ್ಲಾ ಬಂದವು. ಒಪ್ಪಿ ಬಿಡುವ ಕೇಸಿನಲ್ಲಿ ಪ್ರತಿವಾದಿಯೇ ಇರುವುದಿಲ್ಲ, ಇಬ್ಬರೂ ಅರ್ಜಿದಾರರೇ, ಒಂದೇ ಅರ್ಜಿಗೆ ಇಬ್ಬರೂ ರುಜು ಹಾಕಿರುತ್ತಾರೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಸಂಸಾರದಲ್ಲಿ ಒಂದಾಗದವರು ಅರ್ಜಿಯಲ್ಲಿ ಒಂದಾಗಿದ್ದರು.

‘ಒಬ್ಬ ಲಾಯರನ್ನ ಹಿಡಿಯೋದಲ್ವಾ?’ ಅಂದಳು ನನ್ನಾಕೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ಆ ಕೋರ್ಟಿನಲ್ಲಿ ಲಾಯರು ಹಕ್ಕಿನಿಂದ ಬಂದು ವಾದ ಮಾಡುವ ಹಾಗೇ ಇಲ್ಲ, ನ್ಯಾಯಾಧೀಶರು ಬೇಕೆಂದರೆ ಮಾತ್ರ ಉಂಟು ಅಂತ ನಾನು ಓದಿದ್ದೆ. ಅದು ವಾದಕ್ಕೆ ಸಂಬಂಧಿಸಿದ್ದು, ನಕಲು ಹುಡುಕುವುದಕ್ಕಲ್ಲ. ಆದರೂ ಆ ಕಲಮನ್ನು ಅವಳಿಗೆ ಓದಿ ಹೇಳಿ ಬಾಯಿ ಮುಚ್ಚಿಸಿದೆ.

ಹುಡುಗಿ ನಮ್ಮ ಕಡೆಯವಳು, ಆದ್ದರಿಂದ ಕೇಸು ಮಳವಳ್ಳಿಯದೇ ಅಂತ ತೀರ್ಮಾನಿಸಿ ಶಿಂಷಾ ದಾಟಿ ಮಳವಳ್ಳಿಗೆ ಹೋದೆ. ಕೋರ್ಟಿನ ಹೊರಗೆ ಲಾಯರುಗಳ ಗುಮಾಸ್ತರೊಬ್ಬರು ಕುರ್ಚಿ ಹಾಕಿಕೊಂಡು ವಕಾಲತ್ತಿಗೆ ಸ್ಟಾಂಪು ಅಂಟಿಸುತ್ತಿದ್ದರು. ಬೆರಳ ತುದಿಯನ್ನು ನೀರಿನ ಸ್ಪಂಜಿಗೆ ಮುಟ್ಟಿಸಿ, ಸ್ಟಾಂಪನ್ನು ಮೂಲೆಗೆ ಒತ್ತಿ, ಹೆಬ್ಬೆರಳಿನಿಂದ ಒಂದು ಸಲ ನೇವರಿಸುವರು, ಮುಂದಿನದು. ತಲೆ ಎತ್ತದೆಯೇ ನನ್ನ ಕಥೆ ಪೂರ್ತಿ ಕೇಳಿದರು.

‘ಮದುವೆ ಎಲ್ಲಾಯ್ತು?’

‘ಮದ್ದೂರು.’

‘ಗಂಡ ಯಾವೂರು?’

‘ಸಾತನೂರಿನ ಆಚೆ.’

‘ಕೊನೇಲಿ ಇಬ್ರೂ ಎಲ್ಲಿ ಸಂಸಾರ ಮಾಡಿದ್ರು?’

ಅದು ಆಚೆ ಜಿಲ್ಲೆಯ ಒಂದು ರೇಷ್ಮೆ ಊರು. ಅವನು ಅಲ್ಲಿ ನೂಲು ಬಿಚ್ಚುವ ಘಟಕದಲ್ಲಿದ್ದ.

‘ಹಂಗಾದ್ರೆ ಇಲ್ಲಿಗ್ಯಾಕೆ ಬಂದ್ರಿ ಮೇಷ್ಟ್ರೇ?’ ಅಂದರು. 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮನ್ನು ಅವರು ಅಡುಗೆಯವರು ಸಾರಿನ ಸಾಮಾನು ಹೇಳುವ ಹಾಗೆ ಹೇಳಿದರು. ಮದುವೆ ಆದ ಊರು, ಎದುರು ಪಾರ್ಟಿ ವಾಸದ ಊರು, ಇಬ್ಬರೂ ಕಡೆಯದಾಗಿ ಒಟ್ಟಿಗೆ ಇದ್ದ ಊರು, ಈ ಮೂರರಲ್ಲಿ ಒಂದು ಕಡೆ ಅರ್ಜಿ ಹಾಕಬೇಕು. ‘ಹೆಂಡ್ತಿ ಅರ್ಜಿ ಹಾಕೋದಾದ್ರೆ ಅವಳಿರೋ ಊರಲ್ಲೂ ಹಾಕ್ಬೋದು ಅಂತ ಬಂದಿದ್ದು 2003ರಲ್ಲಿ. ನಿಮ್ಮದು 1999. ಆಗ ಮಳವಳ್ಳಿಗೆ ಇದು ಬರೋ ಹಂಗೇ ಇರ್ಲಿಲ್ಲ.’ ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಇಂಥ ಅರ್ಜಿ ಸೀನಿಯರ್ ಸಿವಿಲ್ ಜಡ್ಜರ ಮುಂದೆ ಹೋಗುತ್ತದೆ, ಹಾಗಾಗಿ ‘ಫ್ಯಾಮಿಲಿ’ ಅಂತ ಬೋರ್ಡು ಹುಡುಕಬೇಡಿ ಅಂತಲೂ ಹೇಳಿದರು. ಮುನ್ನೂರು ರೂಪಾಯಿ ಕೊಟ್ಟರೆ ಒಂದು ವಾರದಲ್ಲಿ ತಾವೇ ವಿಚಾರಿಸಿ ನಂಬರು ಕೊಡುತ್ತೇನೆ ಅಂದರು.

ಮುನ್ನೂರು! ಸಮಾಜ ವಿಜ್ಞಾನದ ಮೇಷ್ಟ್ರು ನಾನು, ನ್ಯಾಯಾಂಗದ ಪಾಠವನ್ನು ಮಳೆಗಾಲ, ಬೇಸಿಗೆ ಅನ್ನದೆ ಮಾಡಿದವನು. ನಕ್ಕು ಎದ್ದು ಬಂದೆ.

ಮನೆಗೆ ಬಂದು ಟ್ರಂಕಿನಿಂದ ಲಗ್ನಪತ್ರಿಕೆ ತೆಗೆದೆ. ಮೂಲೆಗೆ ಹಚ್ಚಿದ ಅರಿಸಿನ ಕಂದು ಬಣ್ಣಕ್ಕೆ ತಿರುಗಿತ್ತು. ಆಗಮನಾಭಿಲಾಷಿಗಳ ಪಟ್ಟಿಯಲ್ಲಿ ನನ್ನ ಹೆಸರಿದ್ದದ್ದರಿಂದಲೇ ಅದು ಇಷ್ಟು ದಿನ ಉಳಿದಿತ್ತು. ಆ ಪಟ್ಟಿಯಲ್ಲಿದ್ದ ಮುಕ್ಕಾಲು ಪಾಲು ಜನ ಈಗ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದ್ದಾರೆ. ಮದ್ದೂರಿನ ಕಲ್ಯಾಣ ಮಂಟಪ ಅಂತ ಸ್ಪಷ್ಟವಾಗಿತ್ತು. ಮದ್ದೂರಿಗೆ ಹೋದೆ. ಅಲ್ಲಿಯವರು ಪಾಪ, 1998, 99ರ ರಿಜಿಸ್ಟರು ತೆಗೆದು ಬೆರಳಿಟ್ಟು ನೋಡಿದರು. ಇರಲಿಲ್ಲ. ವಡೆ ತಿಂದು ವಾಪಸ್ಸಾದೆ.

ಇಷ್ಟರಲ್ಲಿ ಗುಮಾಸ್ತರು ಹೇಳಿದ ಮೂರನೆಯ ಊರಿಗೆ ಹೋಗಬೇಕಿತ್ತು. ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಆದರೆ ಅವರು ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸುವುದಾದರೆ ಮುನ್ನೂರು ಉಳಿಸಿದ್ದಕ್ಕೆ ಅರ್ಥವೇನು? ನನ್ನದೇ ಒಂದು ಸಿದ್ಧಾಂತ ಹೊಳೆಯಿತು: ಮಂಡ್ಯದಲ್ಲಿ ಫ್ಯಾಮಿಲಿ ಕೋರ್ಟು ಇದೆ, ಜಿಲ್ಲೆಯ ಫ್ಯಾಮಿಲಿ ಕಾಗದವೆಲ್ಲ ಕಾಲಕ್ರಮದಲ್ಲಿ ಹರಿದು ಅಲ್ಲಿಗೇ ಬಂದು ಸೇರಿರಬೇಕು. ಬೋರ್ಡು ಹುಡುಕಬೇಡಿ ಅಂದಿದ್ದರಲ್ಲ, ಅದೇ ಬೋರ್ಡು ಹುಡುಕಿಕೊಂಡು ಮಂಡ್ಯಕ್ಕೆ ಹೋದೆ.

ಬೆಂಚಿನ ಮೇಲೆ ಕೂತೆ. ನನ್ನ ಎಡಕ್ಕೆ ಒಬ್ಬ ಹುಡುಗ, ಬಲಕ್ಕೆ ಒಬ್ಬ ಹೆಂಗಸು, ಇಬ್ಬರೂ ಒಂದೇ ಕೇಸಿನವರು, ನನ್ನ ತಲೆಯ ಮೇಲಿಂದ ಪರಸ್ಪರ ದುರುಗುಟ್ಟುತ್ತಿದ್ದರು. ಕಾಲಲ್ಲಿ ಮಂಡಿನೋವಿದ್ದುದರಿಂದ ನನ್ನ ಮುಖ ಸ್ವಲ್ಪ ಹಿಂಡಿಕೊಂಡಿತ್ತು. ಹಿಂದಿನ ಸಾಲಿನ ಅಜ್ಜಿಯೊಬ್ಬರು ನನ್ನ ಭುಜ ತಟ್ಟಿ, ‘ಈ ವಯಸ್ನಲ್ಲಿ ಬರಬಾರ್ದಾಗಿತ್ತು ಕಣಪ್ಪ. ಯಾರು, ಆಯಮ್ಮನೇ ಹಾಕವ್ಳಾ?’ ಅಂದರು. ನಾನು ‘ಇಲ್ಲ ಅಜ್ಜಿ, ಇದು ನಮ್ಮ ತಂಗಿದು’ ಅನ್ನುವಷ್ಟರಲ್ಲಿ, ‘ಎಲ್ಲಾರೂ ಮೊದ್ಲು ಹಂಗೇ ಅಂತಾರೆ’ ಅಂದರು. ಹೊರಗೆ ಟೀ ಕುಡಿಯಲು ಹೋದರೆ ಬಿಳಿ ಅಂಗಿಯವನೊಬ್ಬ ಪಕ್ಕಕ್ಕೆ ಬಂದು ಪಿಸುಗುಟ್ಟಿದ: ‘ಸಾರ್, ಎರಡನೇ ಸಂಬಂಧಕ್ಕೂ ನೋಡ್ಕೊಡ್ತೀವಿ. ಪೆನ್ಷನ್ ಅದೇ ಅಂದ್ರೆ ಕಷ್ಟ ಏನಿಲ್ಲ.’ ಸುಳ್ಳು ಯಾಕೆ, ಆ ಕ್ಷಣ ಸ್ವಲ್ಪ ಹೆಮ್ಮೆಯಾಯಿತು.

ಆಗಲೇ ನಮ್ಮೂರಿನವನೊಬ್ಬ ಎದುರಿಗೆ ಬಂದ. ಜಮೀನಿನ ಕೇಸಿಗೆ ಬಂದಿದ್ದನಂತೆ. ಬೋರ್ಡು ನೋಡಿದ, ನನ್ನನ್ನು ನೋಡಿದ, ಪಕ್ಕದಲ್ಲಿದ್ದ ಬಿಳಿ ಅಂಗಿಯನ್ನು ನೋಡಿದ. ‘ಏನ್ ಮೇಷ್ಟ್ರೇ’ ಅಂತಲೂ ಕೇಳದೆ ಹೊರಟುಹೋದ. ಹಲಗೂರಿನವನು ಏನೂ ಕೇಳದೆ ಹೋದ ಅಂದರೆ ಅವನಿಗೆ ಎಲ್ಲಾ ತಿಳಿಯಿತು ಅಂತ ಅರ್ಥ.

ಅವನು ನನಗಿಂತ ಮುಂದಿನ ಬಸ್ಸಿಗೆ ಊರು ತಲುಪಿದ್ದ. ನಾನು ಇಳಿದಾಗ ಟೀ ಅಂಗಡಿಯ ಮಾತು ನಿಂತಿತು. ಟೀ ಕೇಳಿದೆ, ಕೊಟ್ಟ. ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ‘ಇರ್ಲಿ ಬುಡಿ ಮೇಷ್ಟ್ರೇ, ಇವತ್ತು ನಂದು’ ಅಂದ. ಹಲಗೂರಿನಲ್ಲಿ ಆ ಅಂಗಡಿಯವನು ದುಡ್ಡು ಬೇಡ ಅಂದದ್ದನ್ನು ಕಂಡವರು ಯಾರೂ ಇರಲಿಲ್ಲ. ಏನೋ ದೊಡ್ಡದೇ ನಡೆದಿದೆ ಅನ್ನಿಸಿತು.

ಮನೆಯಲ್ಲಿ ನನ್ನಾಕೆ ಅವರೆಕಾಯಿ ಸುಲಿಯುತ್ತಿದ್ದಳು. ಅಳಲಿಲ್ಲ, ಕೂಗಲಿಲ್ಲ.

‘ಕೇಸ್ ಹಾಕಿದ್ರಂತೆ’ ಅಂದಳು.

‘ಯಾರು?’

‘ನೀವು. ಹಾಕೋರು ಒಂದು ಮಾತು ಹೇಳಿದ್ರೆ ನಾನೂ ಬರ್ತಿದ್ದೆ. ನಮಗೇನು, ಬಸ್ಸು ಫ್ರೀ ಅಲ್ವಾ.’

2023ರಲ್ಲಿ ಶಕ್ತಿ ಯೋಜನೆ ತಂದವರು ಇಂಥದ್ದೊಂದು ಉಪಯೋಗ ಊಹಿಸಿರಲಾರರು. ನಾನು ವಿವರಿಸಲು ಬಾಯಿ ತೆರೆದೆ. ಅವಳು ಅವರೆಕಾಯಿಯಿಂದ ಕಣ್ಣೆತ್ತದೆ, ‘ಪೆನ್ಷನ್ನಲ್ಲಿ ನನಗೆಷ್ಟು ಬರುತ್ತೆ ಅಂತ ಮಾತ್ರ ವಿಚಾರಿಸ್ಕೊಂಡು ಬನ್ನಿ, ಹೆಂಗೂ ಹೋಗ್ತಾನೇ ಇರ್ತೀರಲ್ಲ’ ಅಂದಳು. ಅವಳಿಗೆ ಸತ್ಯ ಮೊದಲೇ ಗೊತ್ತಿತ್ತು. ತಂಗಿ ಬಂದು ಹೇಳಿದ್ದಳು. ಆದರೆ ಇಷ್ಟು ವರ್ಷದ ಸಂಸಾರದಲ್ಲಿ ಸಿಕ್ಕ ಒಂದು ಅವಕಾಶ, ಬಿಡುವವಳಲ್ಲ.

ಅವಳು ಸುಮ್ಮನಿದ್ದದ್ದರಿಂದ ಆದ ಅನಾಹುತವೆಂದರೆ, ಕಿರುಗಾವಲಿನಲ್ಲಿರುವ ಅವಳ ತವರಿಗೆ ಸುದ್ದಿ ಹೋಗಿದ್ದು ಹಾಗೆಯೇ ಉಳಿಯಿತು. ಮಾರನೆಯ ಬೆಳಿಗ್ಗೆ ಮನೆ ಮುಂದೆ ಒಂದು ಟೆಂಪೋ ನಿಂತಿತು. ದೊಡ್ಡಮಾವ, ಭಾಮೈದಂದಿರು, ಅವರ ಹೆಂಡಂದಿರು, ನನಗೆ ಗುರುತೇ ಸಿಗದ ಇಬ್ಬರು ಯಜಮಾನರು, ಜೊತೆಗೆ ಒಂದು ಬಾಳೆಗೊನೆ. ಪಂಚಾಯ್ತಿಗೆ ಬಂದಿದ್ದರು. ದೊಡ್ಡಮಾವ ಜಗಲಿ ಮೇಲೆ ಕೂತು ವಲ್ಲಿ ಕೊಡವಿ, ‘ಅಳಿಯಂದ್ರೇ, ನಮ್ ಹುಡುಗೀದು ತಪ್ಪಿದ್ರೆ ಹೇಳ್ಬುಡಿ. ನಿಮ್ದು ತಪ್ಪಿದ್ರೆ ನಾವ್ ಹೇಳ್ತೀವಿ’ ಅಂದರು.

ಇಲ್ಲಿ ನಾನು ‘ನಂದಲ್ಲ, ತಂಗಿದು’ ಅಂತ ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಎದುರಿಗೆ ಇಷ್ಟು ಜನ ಮೌನವಾಗಿ ಕೂತದ್ದನ್ನು ಕಂಡು ನನ್ನೊಳಗಿನ ಮೇಷ್ಟ್ರು ಎದ್ದುಬಿಟ್ಟರು. ಮೊದಲು ಹಿನ್ನೆಲೆ ತಿಳಿಸೋಣ ಅಂತ ಶುರು ಮಾಡಿದೆ. ‘ನೋಡಿ, ಇಬ್ಬರೂ ಒಪ್ಪಿದರೆ 13ಬಿ ಕಲಮಿನಲ್ಲಿ ಅರ್ಜಿ. ಅರ್ಜಿ ಹಾಕುವ ಮೊದಲು ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನೂ ಸಂದರ್ಭ ನೋಡಿ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು...’

ದೊಡ್ಡಮಾವ ಹಣೆ ಚಚ್ಚಿಕೊಂಡರು. ‘ನೋಡುದ್ರಾ, ನೋಡುದ್ರಾ! ಎಲ್ಲಾನೂ ಓದ್ಕಂಡು ರೆಡಿಯಾಗವ್ರೆ!’

ಭಾಮೈದನ ಹೆಂಡತಿ ಅಳಲು ಶುರು ಮಾಡಿದಳು. ನನ್ನಾಕೆ ಅಡುಗೆ ಮನೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವಳೂ ಅಳುತ್ತಿದ್ದಾಳೆ ಅಂತ ಎಲ್ಲರೂ ತಿಳಿದರು. ಭುಜ ಕುಲುಕುತ್ತಿದ್ದುದು ನಗುವಿಗೆ. ಕಡೆಗೆ ತಂಗಿಯೇ ಓಡಿಬಂದು ನಿಜ ಹೇಳಿದಳು. ಪಂಚಾಯ್ತಿ ಮುಗಿಯಿತು. ದೊಡ್ಡಮಾವನಿಗೆ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾದಂತೆ ಕಂಡಿತು. ‘ಟೆಂಪೋಗೆ ಬಾಡ್ಗೆ ಕೊಟ್ಟಾಗದೆ. ಬಂದಿದ್ದು ಬಂದ್ವಿ, ಮುತ್ತತ್ತಿಗಾರ ಹೋಗ್ಬರೋಣ’ ಅಂದರು.

ಹಲಗೂರಿಗೆ ಬಂದ ನೆಂಟರು ಮುತ್ತತ್ತಿಗೆ ಹೋಗದೆ ತಿರುಗುವುದುಂಟೇ. ಕಾಡಿನ ರಸ್ತೆಯಲ್ಲಿ ಇಳಿದರೆ ಕಾವೇರಿ, ದಡದಲ್ಲಿ ಆಂಜನೇಯ. ಸ್ನಾನ ಮಾಡುವಾಗ ಸೀತಮ್ಮನ ಮೂಗಿನ ಮುತ್ತು ಹೊಳೆಗೆ ಬಿತ್ತಂತೆ, ಹನುಮಂತ ಬಾಲದಲ್ಲಿ ಮಡು ಕಲಕಿ ತೆಗೆದುಕೊಟ್ಟನಂತೆ. ಕಳೆದದ್ದು ಹುಡುಕಿಕೊಡುವುದರಲ್ಲಿ ನಮ್ಮ ಕಡೆ ಅವನದೇ ದೊಡ್ಡ ಹೆಸರು. ನಾನು ಕೋರ್ಟು ಅಲೆಯುವ ಮೊದಲು ಇಲ್ಲಿಗೆ ಬರಬೇಕಿತ್ತು.

ಮಂಡ್ಯದವರು, ಕನಕಪುರದವರು ಅಂತಿಲ್ಲದೆ ಆ ದಡದಲ್ಲಿ ಎಲ್ಲರೂ ಒಲೆ ಹೂಡಿ ಅಡುಗೆ ಮಾಡುತ್ತಾರೆ. ಆ ದಿನವೂ ಜನವೋ ಜನ. ಕೈ ತೊಳೆಯಲು ನೀರಿಗಿಳಿದಾಗ ಪಕ್ಕದಲ್ಲಿ ಪಾತ್ರೆ ಬೆಳಗುತ್ತಿದ್ದ ನರೆತ ತಲೆಯ ಗಂಡಸು ನನ್ನನ್ನೇ ನೋಡಿದ. ‘ಭಾವ, ಚೆನ್ನಾಗಿದ್ದೀರಾ?’

ಅವನೇ. ತಂಗಿಯ ಮಾಜಿ ಗಂಡ. ಇನ್ನೊಬ್ಬರ ಮುಖ ನೋಡುವುದಿಲ್ಲ ಅಂತ ಎರಡು ಕಡೆಯವರೂ 1999ರಲ್ಲಿ ಇದೇ ದೇವರ ಮೇಲೆ ಆಣೆ ಹಾಕಿಕೊಂಡಿದ್ದೆವು. ಅದನ್ನು ಇಬ್ಬರೂ ಅಷ್ಟು ವರ್ಷ ಪಾಲಿಸಿ, ಆ ದೇವರ ಮುಂದೆಯೇ ಮುರಿದೆವು.

ನಾನು ಏನು ಮಾತಾಡಲಿ ಅಂತ ತಡವರಿಸುತ್ತಿರುವಾಗ ಅವನೇ ದನಿ ತಗ್ಗಿಸಿದ. ‘ಸುದ್ದಿ ಬಂತು ಭಾವ. ಬೇಜಾರು ಮಾಡ್ಕೋಬೇಡಿ. ಮೊದಮೊದ್ಲು ಕಷ್ಟ ಆಯ್ತದೆ, ಆಮೇಲೆ ಒಗ್ಗೋಯ್ತದೆ.’

ನನ್ನ ಡೈವೋರ್ಸು ಜಿಲ್ಲೆಯ ಗಡಿ ದಾಟಿತ್ತು. ನನ್ನ ಅರ್ಜಿಗೆ ಆಗದ್ದು ಅದಕ್ಕೆ ಆಗಿತ್ತು.

ಅವನು ಅನುಭವಸ್ಥನ ಹಾಗೆ ಮುಂದುವರಿಸಿದ: ‘ಯಾವ್ ಯಾವ್ ಕಾಗದ ಬೇಕು ಅಂತ ನಮ್ಮನ್ನ ಕೇಳ್ಬಾರ್ದಾ? ನನ್ನ ಡಿಕ್ರಿ ಬೀರೂಲಿ ಹಂಗೇ ಅದೆ. ಕಳಿಸ್ತೀನಿ, ಎಂಗಿರ್ತದೆ ಅಂತ ಒಂದ್ಸಲ ನೋಡ್ಕಳಿ.’

ಡಿಕ್ರಿಯಾದ ಮೇಲೆ ಇಬ್ಬರಿಗೂ ತಲಾ ಒಂದು ಪ್ರತಿಯನ್ನು ಕೋರ್ಟೇ ಪುಕ್ಕಟೆ ಕೊಡಬೇಕು ಅಂತ ಅದೇ ವಿವಾಹ ಕಾಯ್ದೆಯ 23ನೇ ಕಲಮಿನಲ್ಲಿ ಇದೆ. 13ಬಿಯನ್ನೂ 19ನ್ನೂ ಓದಿದ ನಾನು 23ಕ್ಕೆ ಹೋಗಿರಲಿಲ್ಲ. ಒಂದು ಪ್ರತಿ ಹಲಗೂರಿನಲ್ಲಿ ನೀರು ಕಾಯಿಸಿತ್ತು. ಇನ್ನೊಂದು ಸಾತನೂರಿನ ಆಚೆ, ಬಸ್ಸಿನಲ್ಲಿ ಹೋದರೆ ಒಂದು ನಿದ್ದೆಯೂ ಆಗದಷ್ಟು ದೂರದಲ್ಲಿ, ಇಸ್ತ್ರಿ ಮಾಡಿದಂತೆ ಮಲಗಿತ್ತು. ರಾತ್ರಿ ವಾಟ್ಸ್ಆ್ಯಪಿನಲ್ಲಿ ಫೋಟೋ ಬಂತು. ಎಂ.ಸಿ. ನಂಬರು, ಇಸವಿ, ತಾರೀಖು, ಮೊಹರು. ಮೇಲ್ಗಡೆ ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’. ಊರು, ಮಳವಳ್ಳಿಯ ಗುಮಾಸ್ತರು ಬೆರಳು ತೋರಿಸಿದ್ದ ಅದೇ ರೇಷ್ಮೆ ಊರು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರಿಗೆ ನನ್ನ ಮುಖ ಮರೆತುಹೋಗಲಿ ಅಂತ ನನ್ನ ಆಸೆ.

ಯಾಕೆಂದರೆ ಅಲ್ಲಿ ನಕಲಿಗೆ ಅರ್ಜಿ ಹಾಕಲು ನಾನೊಬ್ಬನೇ ಹೋದೆ. ತಂಗಿಯ ಕೈಯಲ್ಲಿ ಬರೆಸಿದ ಅಧಿಕಾರ ಪತ್ರ ನನ್ನ ಹತ್ತಿರವಿತ್ತು. ಮಳೆಗೆ ನೆನೆಯದಿರಲಿ ಅಂತ ಅದನ್ನು ಲ್ಯಾಮಿನೇಷನ್ ಮಾಡಿಸಿದ್ದೆ. ಕೋರ್ಟ್ ಫೀ ಸ್ಟಾಂಪು ಅಂಟಿಸಲು ಹೋದರೆ ಜಾರಿತು. ರುಜು ಹಾಕಲು ಹೋದರೆ ಪೆನ್ನು ಜಾರಿತು. ಕೌಂಟರಿನವರು ಆ ಹೊಳೆಯುವ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಇದನ್ನ ಎಲ್ಲಿಗೆ ಹೊಡೀಬೇಕು ಸಾರ್, ಗೋಡೆಗಾ?’ ಅಂದರು. ಆಮೇಲೆ, ‘ಪಾರ್ಟಿ ಯಾರು?’ ಅಂದರು. ವಿವರಿಸಿ ಸಾಕಾಗಿತ್ತು, ‘ನಾನೇ ಅಂದ್ಕೊಳ್ಳಿ’ ಅಂದೆ. ಅವರು ಅಂದುಕೊಂಡು, ಗಂಡನ ಹೆಸರು ಬರೆದು, ‘ಇಲ್ಲಿ ಸೈನ್ ಹಾಕಿ’ ಅಂತ ಮುಂದೆ ತಳ್ಳಿದರು. ಇನ್ನೊಬ್ಬನ ಹೆಸರಿಗೆ ರುಜು ಹಾಕಿದರೆ ಏನಾಗುತ್ತದೆ ಅನ್ನುವ ಕಲಮು ಅದೃಷ್ಟಕ್ಕೆ ನನಗೆ ಗೊತ್ತಿತ್ತು. ಕೈ ಹಿಂದಕ್ಕೆಳೆದು, ಅಣ್ಣ ಅಂದೆ. ಗಂಡ ಹೆಂಡಿರ ವ್ಯಾಜ್ಯ ಬಾಗಿಲು ಮುಚ್ಚಿ ವಿಚಾರಣೆ ಮಾಡುವಂಥದ್ದು, ದಾರಿಹೋಕರಿಗೆಲ್ಲ ಅದರ ಕಾಗದ ಕೊಡಲಾಗುವುದಿಲ್ಲ, ಆಕೆಯನ್ನೇ ಕರೆದುಕೊಂಡು ಬನ್ನಿ ಅಂತ ಅವರು ಸಮಾಧಾನವಾಗಿಯೇ ಹೇಳಿದರು. ನ್ಯಾಯವಾದ ಮಾತು. ನನ್ನ ಡಿಕ್ರಿಯನ್ನು ನನ್ನ ಭಾಮೈದ ಹೋಗಿ ತೆಗೆಸಿಕೊಂಡು ಬಂದರೆ ನನಗೆ ಹಿಡಿಸುತ್ತದೆಯೇ? ಇಲ್ಲ.

ತಂಗಿ ಆಧಾರ್ ಹಿಡಿದು ಹೋದಳು, ರುಜು ಹಾಕಿದಳು, ಹೇಳಿದ ದಿನ ಹೋಗಿ ತಂದಳು. ನನ್ನನ್ನು ಕರೆಯಲಿಲ್ಲ.

ಇನ್ನು ಪಾಸ್‌ಪೋರ್ಟು. ಡಿಕ್ರಿಯ ಅಸಲು ನಕಲು, ಅದರ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು, ಎಲ್ಲವನ್ನೂ ಫೈಲಿಗೆ ಹಾಕಿ ಅವಳ ಜೊತೆ ಹೋದೆ. ಒಳಗೆ ಅರ್ಜಿದಾರರಿಗೆ ಮಾತ್ರ ಪ್ರವೇಶ. ನನ್ನನ್ನು ಗೇಟಿನಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ತಂಗಿ ಹೊರಗೆ ಬಂದಳು. ಫೈಲು ಕೈಯಲ್ಲೇ ಇತ್ತು.

‘ಇದು ಬೇಡವಂತೆ ಅಣ್ಣಯ್ಯ.’

‘ಯಾವುದು?’

‘ಡಿಕ್ರಿ. ಆಧಾರು, ಮಾರ್ಕ್ಸ್ ಕಾರ್ಡು ನೋಡಿದ್ರು. ಡೈವೋರ್ಸ್ ಅಂತ ಬರ್ದಿದ್ದೆ, ಸರಿ ಅಂದ್ರು. ಗಂಡನ ಹೆಸರೂ ಬೇಡವಂತೆ.’

ನಾನು ಗೇಟಿನವನ ಹತ್ತಿರ ವಾದಕ್ಕೆ ಇಳಿದೆ. ಇಷ್ಟು ಕಷ್ಟಪಟ್ಟು ತಂದಿದ್ದೇವೆ, ಒಂದು ಪ್ರತಿಯನ್ನಾದರೂ ಇಟ್ಟುಕೊಳ್ಳಿ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವು ಅವ್ರ ಯಜಮಾನ್ರಾ ಸಾರ್?’ ಅಂತ ಕೇಳಿದ.

ಮನೆಗೆ ಬಂದು, ಮೊದಲೇ ನೋಡಬೇಕಿದ್ದದ್ದನ್ನು ನೋಡಿದೆ. ಬೇರೆಯಾದವರು, ವಿಚ್ಛೇದನ ಪಡೆದವರು ಪಾಸ್‌ಪೋರ್ಟ್ ಅರ್ಜಿಯಲ್ಲಿ ಗಂಡನ ಅಥವಾ ಹೆಂಡತಿಯ ಹೆಸರು ಕೊಡಬೇಕಾಗಿಲ್ಲ, ಡಿಕ್ರಿಯನ್ನೂ ಕೊಡಬೇಕಾಗಿಲ್ಲ ಅಂತ ವಿದೇಶಾಂಗ ಸಚಿವಾಲಯ 2016ರ ಡಿಸೆಂಬರಿನಲ್ಲೇ ಹೇಳಿದೆ.

ತಂಗಿ ಈಗ ಮೆಲ್ಬರ್ನಿನಲ್ಲಿದ್ದಾಳೆ, ಗಂಡು ಮಗು. ಓದುವವರಿಗೆ ಒಂದು ಮಾತು: ಹೊಸದಾಗಿ ಪಾಸ್‌ಪೋರ್ಟು ಮಾಡಿಸುವವರಿಗೆ ಡಿಕ್ರಿ ಬೇಡ, ಹಳೆಯ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರಿದ್ದು ಅದನ್ನು ತೆಗೆಸುವುದಾದರೆ ಬೇಕಾಗುತ್ತದೆ. ಮನೆಯಲ್ಲಿ ಅಂಥ ಕಾಗದವಿದ್ದರೆ ನೀರೊಲೆಗೆ ಹಾಕುವ ಮುಂಚೆ ಕೋರ್ಟಿನ ಹೆಸರು, ನಂಬರು, ಇಸವಿ ಈ ಮೂರನ್ನು ಕ್ಯಾಲೆಂಡರಿನ ಹಿಂದಾದರೂ ಬರೆದುಕೊಳ್ಳಿ. ಕಳೆದುಕೊಂಡಿದ್ದರೆ ಎದುರು ಪಾರ್ಟಿಯನ್ನು ಕೇಳಿ. ಆಗದಿದ್ದರೆ ಯಾವುದಾದರೂ ಕೋರ್ಟಿನ ಹೊರಗೆ ಸ್ಟಾಂಪು ಅಂಟಿಸುತ್ತ ಕೂತ ಗುಮಾಸ್ತರನ್ನು ಕೇಳಿ. ಮುನ್ನೂರು ಅಂದರೆ ಚೌಕಾಶಿ ಮಾಡದೆ ಕೊಟ್ಟುಬಿಡಿ. ನನ್ನನ್ನು ಮಾತ್ರ ಕರೆಯಬೇಡಿ. ಕೋರ್ಟು ಕಡೆ ತಲೆ ಹಾಕದಂತೆ ಮನೆಯಲ್ಲಿ ನನ್ನ ಮೇಲೆ ತಡೆಯಾಜ್ಞೆ ಇದೆ, ಅದರ ವ್ಯಾಪ್ತಿಗೆ ಎರಡು ಜಿಲ್ಲೆಯೂ ಸೇರಿವೆ.